ನಾಲ್ಕು ಸಲ ಮನೆ ಬಿಟ್ಟವರು: ಹಜರತ್ ಖ್ವಾಜಾ ಬಂದೇನವಾಜ್



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳಲ್ಲಿ ಕಲಬುರಗಿಯ ಹಜರತ್ ಖ್ವಾಜಾ ಬಂದೇನವಾಜ್ (ರ.ಅ.) ಅವರ ಹೆಸರು ಕೇಳದವರು ಸಿಗುವುದು ಕಷ್ಟ. ಭೀಮಾ ನದಿ ದಾಟಿದರೆ ಅಫಜಲಪುರ, ಅದರಾಚೆ ಕಲಬುರಗಿ. ನಮ್ಮ ಹಿರಿಯರಿಗೆ ಅದು ದೂರದ ಊರಾಗಿರಲಿಲ್ಲ. ಜೋಳದ ರೊಟ್ಟಿಯ ಬುತ್ತಿ ಕಟ್ಟಿಕೊಂಡು ಉರುಸಿಗೆ ಹೋಗಿಬರುತ್ತಿದ್ದರು. ಮುಸ್ಲಿಮರು ಮಾತ್ರವಲ್ಲ, ಹಿಂದೂಗಳೂ ಹರಕೆ ಹೊತ್ತು ಹೋಗುತ್ತಿದ್ದರು, ಈಗಲೂ ಹೋಗುತ್ತಾರೆ. ಅವರ ಹೆಸರನ್ನೇ ಮಕ್ಕಳಿಗೆ ಇಟ್ಟವರು ಪ್ರತಿ ಊರಿನಲ್ಲಿದ್ದಾರೆ.

ಆದರೆ ಅವರ ಪವಾಡಗಳನ್ನು ಬಲ್ಲ ನಾವು ಅವರ ಬದುಕನ್ನು ಎಷ್ಟು ಬಲ್ಲೆವು? ಇಂದು ಲಕ್ಷಾಂತರ ಜನ ಯಾರ ಬಾಗಿಲಿಗೆ ಬಂದು ನಿಲ್ಲುತ್ತಾರೋ ಆ ಮಹಾನುಭಾವರು ತಮ್ಮ ಜೀವಿತದಲ್ಲಿ ನಾಲ್ಕು ಬಾರಿ ಇದ್ದ ಮನೆಯನ್ನು ಬಿಟ್ಟು ಹೊರಡಬೇಕಾಯಿತು ಎಂಬುದು ಎಷ್ಟೋ ಜನರಿಗೆ ತಿಳಿದಿಲ್ಲ. ಒಮ್ಮೆ ರಾಜಾಜ್ಞೆಯಿಂದ, ಒಮ್ಮೆ ತಂದೆಯ ಮರಣಾನಂತರದ ಕೌಟುಂಬಿಕ ಬೇಸರದಿಂದ, ಒಮ್ಮೆ ಯುದ್ಧದಿಂದ, ಕೊನೆಗೊಮ್ಮೆ ಸುಲ್ತಾನನ ಮಾತಿನಿಂದ. ಆ ದೃಷ್ಟಿಯಿಂದ ಅವರ ಜೀವನವನ್ನು ನೀವು ಒಮ್ಮೆ ನೋಡಬೇಕೆಂದು ಈ ಲೇಖನ.

ಅವರ ನಿಜನಾಮ ಸೈಯದ್ ಮುಹಮ್ಮದ್ ಹುಸೈನಿ. ಹುಟ್ಟಿದ್ದು 1321ರಲ್ಲಿ, ದೆಹಲಿಯಲ್ಲಿ. ತಂದೆ ಸೈಯದ್ ಯೂಸುಫ್ ಹುಸೈನಿ, ಧರ್ಮನಿಷ್ಠರು. ಬಂದೇನವಾಜ್ ಎಂದರೆ ದಾಸರ ಮೇಲೆ, ಅಂದರೆ ಜನರ ಮೇಲೆ ಕರುಣೆ ತೋರುವವರು ಎಂದರ್ಥ. ಇದು ಜನ ಕೊಟ್ಟ ಹೆಸರು. ಗೇಸುದರಾಜ್ ಎಂದರೆ ನೀಳಕೂದಲಿನವರು. ಈ ಹೆಸರಿನ ಹಿಂದೆ ಒಂದು ಕಥೆಯಿದೆ. ಗುರುಗಳ ಪಲ್ಲಕ್ಕಿಯನ್ನು ಹೊರುವಾಗ ಅವರ ಉದ್ದ ಕೂದಲು ಪಲ್ಲಕ್ಕಿಗೆ ಸಿಕ್ಕಿಕೊಂಡಿತಂತೆ. ಬಿಡಿಸಿಕೊಳ್ಳಲು ನಿಂತರೆ ಗುರುಗಳಿಗೆ ತೊಂದರೆಯಾದೀತೆಂದು ನೋವು ನುಂಗಿಕೊಂಡು ಹಾಗೇ ನಡೆದರಂತೆ. ಕಥೆ ಹೇಗೇ ಇರಲಿ, ನೋವನ್ನು ತಡೆದುಕೊಂಡು ನಡೆಯುವ ಅಭ್ಯಾಸ ಅವರಿಗೆ ಬಾಲ್ಯದಲ್ಲೇ ಆಗಿತ್ತು.

ಸುಲ್ತಾನ ಮುಹಮ್ಮದ್ ಬಿನ್ ತುಘಲಕ್ ರಾಜಧಾನಿಯನ್ನು ದೆಹಲಿಯಿಂದ ದೇವಗಿರಿಗೆ ಬದಲಾಯಿಸಿದ ಸಂಗತಿ ನಿಮ್ಮ ಶಾಲಾ ಪಠ್ಯದಲ್ಲಿದೆ. ಅದಕ್ಕೆ ದೌಲತಾಬಾದ್ ಎಂದು ಹೆಸರಿಟ್ಟ. ಪರೀಕ್ಷೆಯಲ್ಲಿ ಐದು ಅಂಕದ ಪ್ರಶ್ನೆಗೆ ಉತ್ತರ ಬರೆದು ನಾವು ಅದನ್ನು ಮರೆತುಬಿಡುತ್ತೇವೆ. ಆ ಐದು ಅಂಕದ ಉತ್ತರದೊಳಗೆ ಎಷ್ಟು ಸಂಸಾರಗಳು ಗಂಟುಮೂಟೆ ಕಟ್ಟಿದವು ಎಂದು ಯೋಚಿಸಿದ್ದೀರಾ? 1327-28ರ ಸುಮಾರಿನಲ್ಲಿ ದೆಹಲಿಯ ವಿದ್ವಾಂಸರು, ಅಧಿಕಾರಿಗಳು, ಸೂಫಿಗಳು ತಮ್ಮ ಹೆಂಡತಿ ಮಕ್ಕಳೊಂದಿಗೆ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಪ್ರಯಾಣ ಮಾಡಬೇಕಾಯಿತು. ಸೈಯದ್ ಯೂಸುಫರ ಕುಟುಂಬವೂ ಅವರಲ್ಲೊಂದು. ಆಗ ನಮ್ಮ ಖ್ವಾಜಾ ಅವರು ಏಳರ ಆಸುಪಾಸಿನ ಬಾಲಕ.

ಸುಲ್ತಾನನನ್ನು ಬರೀ ಹುಚ್ಚನೆಂದು ತಳ್ಳಿಹಾಕುವುದು ಸರಿಯಲ್ಲ. ಬಿಟ್ಟುಹೋದ ಮನೆಗಳ ಬೆಲೆಯನ್ನು ಆತ ಕೊಟ್ಟನೆಂದೂ, ದಾರಿಯುದ್ದಕ್ಕೂ ತಂಗಲು, ಉಣ್ಣಲು ಏರ್ಪಾಡು ಮಾಡಿಸಿದನೆಂದೂ ಅಂದಿನ ಇತಿಹಾಸಕಾರರು ಬರೆದಿದ್ದಾರೆ. ಬರನಿಯಂತಹ ಟೀಕಾಕಾರ ಕೂಡ ಈ ವಿಷಯದಲ್ಲಿ ಸುಲ್ತಾನನ ಧಾರಾಳತನವನ್ನು ಒಪ್ಪುತ್ತಾನೆ. ಆದರೂ ಬಹಳ ಜನ ದಾರಿಯಲ್ಲೇ ಸತ್ತರು, ಮುಟ್ಟಿದವರಲ್ಲೂ ಅನೇಕರು ಪರಸ್ಥಳದ ಕೊರಗಿನಲ್ಲಿ ಬಹಳ ದಿನ ಬದುಕಲಿಲ್ಲ ಎಂದೂ ಆತನೇ ದಾಖಲಿಸಿದ್ದಾನೆ. ಮನೆಯ ಬೆಲೆ ಕೊಡಬಹುದು, ಅನ್ನ ಕೊಡಬಹುದು. ನೆರೆಹೊರೆ, ಖಬರಸ್ತಾನ, ಕಲಿತ ಮದರಸಾ, ಸಾಲ ಕೊಡುವ ಅಂಗಡಿಯವನು, ಇವಕ್ಕೆ ಬೆಲೆ ಕಟ್ಟುವವರು ಯಾರು?

ಈ ಮಾತು ನಮ್ಮ ಜಿಲ್ಲೆಯವರಿಗೆ ಬೇಗ ಅರ್ಥವಾಗುತ್ತದೆ. ಆಲಮಟ್ಟಿ ಅಣೆಕಟ್ಟೆಗೆ 1964ರಲ್ಲಿ ಅಡಿಗಲ್ಲು ಬಿತ್ತು. 2006ರಲ್ಲಿ ರಾಷ್ಟ್ರಪತಿ ಡಾ. ಎ.ಪಿ.ಜೆ. ಅಬ್ದುಲ್ ಕಲಾಂ ಅವರು ಅದನ್ನು ನಾಡಿಗೆ ಅರ್ಪಿಸಿದರು. ಈ ನಡುವೆ ಕೃಷ್ಣಾ ದಂಡೆಯ ಎಷ್ಟೋ ಹಳ್ಳಿಗಳು ಹಿನ್ನೀರಿನಲ್ಲಿ ಮುಳುಗಿದವು. ಆಗ ಬಾಗೇವಾಡಿ ತಾಲೂಕಿನಲ್ಲಿದ್ದ ಕೊಲ್ಹಾರ ಕೂಡ ಹಳೆಯ ಜಾಗ ಬಿಟ್ಟು ಮೇಲೆ ಬಂತು. ಪರಿಹಾರ ಬಂತು, ಪುನರ್ವಸತಿ ಕೇಂದ್ರಗಳೂ ಆದವು. ಆದರೂ ಅಲ್ಲಿನ ಮುದುಕರನ್ನು ಮಾತಿಗೆಳೆದು ನೋಡಿ, ಅವರು ಈಗಿನ ಸೈಟಿನ ನಂಬರ್ ಹೇಳುವುದಿಲ್ಲ, ಮುಳುಗಿದ ಓಣಿಯ ಹೆಸರು ಹೇಳುತ್ತಾರೆ.

ದೌಲತಾಬಾದಿಗೆ ಬಂದು ಮೂರು ವರ್ಷವಾಗುವಷ್ಟರಲ್ಲಿ, 1330-31ರಲ್ಲಿ, ತಂದೆ ತೀರಿಕೊಂಡರು. ಅವರ ಸಮಾಧಿ ಖುಲ್ದಾಬಾದಿನಲ್ಲಿದೆ. ಖ್ವಾಜಾ ಅವರಿಗೆ ಆಗ ಹತ್ತು ವರ್ಷ ವಯಸ್ಸು. ಪರಸ್ಥಳದಲ್ಲಿ ವಿಧವೆ ತಾಯಿ, ಇಬ್ಬರು ಗಂಡುಮಕ್ಕಳು. ತಾಯಿಯ ಸಹೋದರ ದೌಲತಾಬಾದಿನಲ್ಲಿ ದೊಡ್ಡ ಅಧಿಕಾರಿಯಾಗಿದ್ದುದರಿಂದ ಅನ್ನಕ್ಕೆ ಕೊರತೆ ಇರಲಾರದು. ಆದರೆ ಇಬ್ಬರ ನಡುವೆ ಮನಸ್ತಾಪ ಬಂತು. 1335-36ರ ಸುಮಾರಿಗೆ ಆ ತಾಯಿ ಇಬ್ಬರು ಮಕ್ಕಳನ್ನು ಕರೆದುಕೊಂಡು ಅದೇ ಸಾವಿರ ಕಿಲೋಮೀಟರ್ ದಾರಿಯಲ್ಲಿ ಮರಳಿ ದೆಹಲಿಗೆ ಹೊರಟರು.

ಓದುಗ ಸಹೋದರಿಯರೇ, ಈ ತಾಯಿಯ ಬಗ್ಗೆ ಪುಸ್ತಕಗಳಲ್ಲಿ ಎರಡು ಸಾಲಿಗಿಂತ ಹೆಚ್ಚು ಬರೆದಿಲ್ಲ. ನನ್ನ ಅಭಿಪ್ರಾಯದಲ್ಲಿ ಖ್ವಾಜಾ ಅವರ ಜೀವನಚರಿತ್ರೆಯಲ್ಲಿ ಇದಕ್ಕಿಂತ ಧೈರ್ಯದ ಪ್ರಸಂಗ ಇನ್ನೊಂದಿಲ್ಲ. ಆಸರೆ ಕೊಟ್ಟ ಮನೆಯಲ್ಲಿ ಗೌರವ ಉಳಿಯುವುದಿಲ್ಲ ಅನ್ನಿಸಿದಾಗ ಹೆಣ್ಣುಮಗಳೊಬ್ಬಳು ಏನು ಮಾಡಬೇಕು? ಹೆಚ್ಚಿನವರು ಹಲ್ಲುಕಚ್ಚಿ ಇರುತ್ತಾರೆ, ಯಾಕೆಂದರೆ ಹೋಗಲು ಬೇರೆ ಜಾಗವಿರುವುದಿಲ್ಲ. ಆಕೆ ಹೊರಟರು. ಆಕೆ ಹೊರಟಿದ್ದರಿಂದಲೇ ಹದಿನೈದರ ಹುಡುಗನಿಗೆ ದೆಹಲಿಯಲ್ಲಿ ಗುರು ಸಿಕ್ಕರು.

ಆ ಗುರು ಹಜರತ್ ನಾಸಿರುದ್ದೀನ್ ಚಿರಾಗ್ ದೆಹಲವಿ. ಹಜರತ್ ನಿಜಾಮುದ್ದೀನ್ ಔಲಿಯಾ ಅವರ ಉತ್ತರಾಧಿಕಾರಿ. 1336ರಲ್ಲಿ ಅಣ್ಣತಮ್ಮಂದಿರಿಬ್ಬರೂ ಅವರ ಶಿಷ್ಯರಾದರು. ಗುರುಗಳು ಧ್ಯಾನದ ಜೊತೆಗೆ ಪಾಠವನ್ನೂ ಬಿಡಗೊಡಲಿಲ್ಲ, ಮೊದಲು ವಿದ್ಯೆ ಮುಗಿಸಲು ಹಚ್ಚಿದರು. ಈ ಮಾತನ್ನು ನಮ್ಮ ವಿದ್ಯಾರ್ಥಿಗಳು ಗಮನಿಸಬೇಕು.

ಇಲ್ಲಿ ಚಿಶ್ತಿ ಪರಂಪರೆಯ ಖಾನ್ಖಾ ಹೇಗೆ ನಡೆಯುತ್ತಿತ್ತು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಈಗ ನಾವು ಖಾನ್ಖಾ ಎಂದರೆ ಪ್ರಾರ್ಥನೆಯ ಸ್ಥಳ ಎಂದುಕೊಳ್ಳುತ್ತೇವೆ. ಅಂದು ಅದು ಮನೆಯಿಲ್ಲದವರ ಮನೆಯೂ ಆಗಿತ್ತು. ಜಮಾಅತ್‌ಖಾನಾ ಎಂಬ ಒಂದೇ ದೊಡ್ಡ ಹಜಾರ. ಶಿಷ್ಯರು, ದಾರಿಹೋಕರು, ಕಷ್ಟ ಹೇಳಿಕೊಳ್ಳಲು ಬಂದವರು ಎಲ್ಲರೂ ಅಲ್ಲೇ ನೆಲದ ಮೇಲೆ ಕೂರುವುದು, ಉಣ್ಣುವುದು, ಮಲಗುವುದು. ಒಬ್ಬರಿಗೊಂದು ಪ್ರತ್ಯೇಕ ಕೋಣೆ ಇಲ್ಲ. ಬಂದವನ ಕುಲಗೋತ್ರ ಕೇಳುವ ಮುಂಚೆ ಊಟ. ಖರ್ಚು ನಡೆಯುತ್ತಿದ್ದುದು ಫುತೂಹ್‌ನಿಂದ, ಅಂದರೆ ಬೇಡದೆ ಬಂದ ಕಾಣಿಕೆಯಿಂದ. ಬಂದದ್ದನ್ನು ಕೂಡಿಡುವಂತಿಲ್ಲ. ನಿಜಾಮುದ್ದೀನ್ ಔಲಿಯಾ ಅವರು ಶುಕ್ರವಾರದ ನಮಾಜಿಗೆ ಮುಂಚೆ ಉಗ್ರಾಣವನ್ನು ಪೂರ್ತಿ ಖಾಲಿ ಮಾಡಿಸಿ ಹಂಚಿಬಿಡುತ್ತಿದ್ದರು. ನಮ್ಮ ಭಾಗದವರಿಗೆ ಇದನ್ನು ತಿಳಿಸಿ ಹೇಳಬೇಕಿಲ್ಲ. ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರ ಮಹಾಮನೆಯ ದಾಸೋಹ, ಕಲಬುರಗಿಯ ಶರಣಬಸವೇಶ್ವರರ ದಾಸೋಹ ಕಂಡವರು ಲಂಗರ್ ಏನೆಂಬುದನ್ನು ಅರಿಯಬಲ್ಲರು.

1356ರಲ್ಲಿ ಗುರುಗಳು ಕಾಲವಾದರು. ಅದಕ್ಕೆ ಮುಂಚೆ ಇವರಿಗೆ ಖಿಲಾಫತ್ ಕೊಟ್ಟಿದ್ದರು. ಅಂದಿನಿಂದ ನಲವತ್ತೆರಡು ವರ್ಷ ಖ್ವಾಜಾ ಅವರು ದೆಹಲಿಯಲ್ಲೇ ಬೋಧಿಸಿದರು. ನಲವತ್ತರ ವಯಸ್ಸಿನಲ್ಲಿ ಬೀಬಿ ರಜಾ ಅವರೊಂದಿಗೆ ನಿಕಾಹ್ ಆಯಿತು. ಸೈಯದ್ ಅಕ್ಬರ್ ಹುಸೈನಿ, ಸೈಯದ್ ಅಸ್ಗರ್ ಹುಸೈನಿ ಎಂಬ ಇಬ್ಬರು ಗಂಡುಮಕ್ಕಳು, ಮೂವರು ಹೆಣ್ಣುಮಕ್ಕಳು. ಸುಖವಾಗಿ ನೆಲೆಯೂರಿದ ಸಂಸಾರ. ಆ ವಯಸ್ಸಿನಲ್ಲಿ ಇನ್ನೊಮ್ಮೆ ಮನೆ ಬಿಡಬೇಕಾದೀತೆಂದು ಯಾರು ನೆನೆಸಿದ್ದರು?

1398ರ ಡಿಸೆಂಬರಿನಲ್ಲಿ ತೈಮೂರನ ಸೈನ್ಯ ದೆಹಲಿಯ ಬಾಗಿಲಿಗೆ ಬಂತು. ಯುದ್ಧ ನಡೆದ ಡಿಸೆಂಬರ್ 17ರ ದಿನವೇ ಖ್ವಾಜಾ ಅವರು ಕುಟುಂಬ ಪರಿವಾರ ಸಮೇತ ನಗರ ಬಿಟ್ಟರು. ವಯಸ್ಸು ಎಪ್ಪತ್ತೇಳು. ಮುಂದಿನ ದಿನಗಳಲ್ಲಿ ದೆಹಲಿ ಲೂಟಿಯಾಯಿತು, ಅಸಂಖ್ಯ ಜನರ ಕಗ್ಗೊಲೆಯಾಯಿತು. ಒಂದೆರಡು ದಿನ ತಡಮಾಡಿದ್ದರೆ ಕಲಬುರಗಿಯ ಇತಿಹಾಸವೇ ಬೇರೆಯಾಗುತ್ತಿತ್ತು.

ಮುಂದಿನ ಪ್ರಯಾಣವನ್ನು ನಿಮ್ಮ ನಕಾಶೆಯ ಮೇಲೆ ಬೆರಳಿಟ್ಟು ನೋಡಿ. ಗ್ವಾಲಿಯರ್, ಚಂದೇರಿ, ಅಲ್ಲಿಂದ ಗುಜರಾತಿನ ಬರೋಡಾ, ಸಮುದ್ರದಂಚಿನ ಖಂಭಾತ್, ಮತ್ತೆ ದಕ್ಷಿಣಕ್ಕೆ ಇಳಿದು ದೌಲತಾಬಾದ್. ವೃದ್ಧರು, ಹೆಂಗಸರು, ಮಕ್ಕಳು. ಗ್ವಾಲಿಯರ್‌ನಲ್ಲಿ ಅವರಿಗೆ ಮನೆ ಕೊಟ್ಟು ಸತ್ಕರಿಸಿದವರು ಅವರ ಶಿಷ್ಯ ಮೌಲಾನಾ ಅಲಾವುದ್ದೀನ್. ಹೀಗೆ ಊರಿಂದೂರಿಗೆ ಸಾಗುತ್ತಲೇ ಪಾಠ ಪ್ರವಚನ ಮಾತ್ರ ನಿಲ್ಲಲಿಲ್ಲ. 1400ರ ಸುಮಾರಿನಲ್ಲಿ ಹಿರಿಯ ಮಗ ಅಕ್ಬರ್ ಹುಸೈನಿ ತಂದೆಯ ಮಾತುಗಳನ್ನು ಬರೆದಿಟ್ಟುಕೊಂಡರು. ಅದೇ ಜವಾಮಿಉಲ್ ಕಲಿಮ್ ಎಂಬ ಗ್ರಂಥವಾಯಿತು. ನೆಲೆಯಿಲ್ಲದ ಕಾಲದಲ್ಲಿ ಮೂಡಿಬಂದ ಪುಸ್ತಕ ಅದು.

ಮಳೆ ಕೈಕೊಟ್ಟಾಗ ನಮ್ಮ ತಾಲೂಕುಗಳಿಂದ ಗೋವಾ, ಪುಣೆ, ಮುಂಬೈ, ಬೆಂಗಳೂರಿಗೆ ಗುಳೆ ಹೋಗುವ ಸಂಸಾರಗಳನ್ನು ಇಲ್ಲಿ ನೆನೆಯದಿರಲು ಸಾಧ್ಯವಿಲ್ಲ. ಹಳ್ಳಿಯಲ್ಲಿ ಮನೆಗೆ ಬೀಗ, ಪಟ್ಟಣದಲ್ಲಿ ತಾಡಪತ್ರಿಯ ಜೋಪಡಿ ಅಥವಾ ತಗಡಿನ ಶೆಡ್ಡು. ರೇಷನ್ ಕಾರ್ಡ್ ಒಂದು ಕಡೆ, ಹೊಟ್ಟೆ ಇನ್ನೊಂದು ಕಡೆ. ಮಕ್ಕಳ ಹೆಸರು ಶಾಲೆಯ ಹಾಜರಿ ಪುಸ್ತಕದಲ್ಲಿರುತ್ತದೆ, ಮಕ್ಕಳು ಇಟ್ಟಂಗಿ ಭಟ್ಟಿಯ ಹತ್ತಿರ ಇರುತ್ತಾರೆ. ಪ್ರಯಾಣದಲ್ಲಿ ತಂದೆಯ ಪಾಠ ಬರೆದುಕೊಂಡ ಅಕ್ಬರ್ ಹುಸೈನಿಯವರಿಗೆ ಕಲಿತ ತಂದೆಯಿದ್ದರು. ಈ ಮಕ್ಕಳಿಗೆ ಯಾರಿದ್ದಾರೆ? ಗುಳೆ ಹೋಗುವವರ ಮಕ್ಕಳು ಊರಲ್ಲೇ ಉಳಿದು ಓದುವಂತೆ ಹಂಗಾಮಿನ ವಸತಿ ವ್ಯವಸ್ಥೆ ಮಾಡಿದ ಕಡೆ ಮಕ್ಕಳು ಉಳಿಯುತ್ತಾರೆ, ಮಾಡದ ಕಡೆ ಹೋಗುತ್ತಾರೆ. ಅಷ್ಟು ಸರಳ ಲೆಕ್ಕ ಅದು. ಶಿಕ್ಷಣ ಸಂಸ್ಥೆಗಳಲ್ಲಿ ಖಾಲಿ ಬಿದ್ದಿರುವ ಒಂದು ಕೋಣೆ ಇದ್ದರೂ ಈ ಲೆಕ್ಕದಲ್ಲಿ ಬರುತ್ತದೆ.

ಮತ್ತೆ ಚರಿತ್ರೆಗೆ ಬರೋಣ. ಖ್ವಾಜಾ ಅವರು ದಖ್ಖನಿಗೆ ಬಂದಾಗ ಈ ನಾಡು ಹೇಗಿತ್ತು? 1396ರಿಂದ ಹನ್ನೆರಡು ವರ್ಷ ಕಾಡಿತೆಂದು ಹೇಳುವ ದುರ್ಗಾದೇವಿ ಬರದ ಕಾಲ ಅದು. ಊರಿಗೆ ಊರೇ ಬಿಟ್ಟುಹೋದವು ಎಂಬ ನೆನಪು ಬಿಜಾಪುರ ಜಿಲ್ಲೆಯ ಹಳೆಯ ಗೆಜೆಟಿಯರಿನಲ್ಲೂ ದಾಖಲಾಗಿದೆ. ಅಂದರೆ ಮನೆ ಕಳೆದುಕೊಂಡು ಬಂದ ಒಂದು ಕುಟುಂಬ, ಮನೆ ಕಳೆದುಕೊಳ್ಳುತ್ತಿದ್ದ ಜನರ ನಡುವೆ ಬಂದು ಇಳಿಯಿತು.

ಆದರೆ ಆಸರೆಯ ಒಂದು ಪದ್ಧತಿ ಇಲ್ಲಿ ಆಗಲೇ ಇತ್ತು. ಇದನ್ನು ನಾವು ಬಹಳ ಕಡಿಮೆ ಓದಿದ್ದೇವೆ. 1378ರಿಂದ 1397ರವರೆಗೆ ಕಲಬುರಗಿಯಲ್ಲಿ ಆಳಿದ ಬಹಮನಿ ಸುಲ್ತಾನ ಎರಡನೇ ಮುಹಮ್ಮದ್ ಶಾಹ ಯುದ್ಧಗಳಿಗಿಂತ ವಿದ್ಯೆಯನ್ನು ಪ್ರೀತಿಸಿದವನು. ಪರ್ಷಿಯಾದ ಮಹಾಕವಿ ಹಾಫಿಜರನ್ನೇ ತನ್ನ ಆಸ್ಥಾನಕ್ಕೆ ಕರೆಸಿಕೊಳ್ಳಲು ಯತ್ನಿಸಿದ್ದ. ಆತನ ಕಾಲದಲ್ಲಿ ಬರ ಬಿದ್ದಾಗ ಹತ್ತು ಸಾವಿರ ಎತ್ತುಗಳನ್ನು ಸರಕಾರಿ ಖರ್ಚಿನಲ್ಲಿ ಮಾಳವ, ಗುಜರಾತಿಗೆ ಕಳಿಸಿ ಧಾನ್ಯ ತರಿಸಿ ಜನರಿಗೆ ಕಡಿಮೆ ದರದಲ್ಲಿ ಕೊಡಿಸಿದನೆಂದು ಫಿರಿಶ್ತಾ ಬರೆಯುತ್ತಾನೆ. ಅಷ್ಟೇ ಅಲ್ಲ, ಕಲಬುರಗಿ, ಬೀದರ್, ಕಂಧಾರ, ಎಲಿಚಪುರ, ದೌಲತಾಬಾದ್, ಚೌಲ್, ದಾಭೋಲ್ ಮುಂತಾದ ಊರುಗಳಲ್ಲಿ ಯತೀಮ ಮಕ್ಕಳಿಗಾಗಿ ಶಾಲೆಗಳನ್ನು ತೆರೆದ. ಅಲ್ಲಿ ಪಾಠದ ಜೊತೆ ಅನ್ನ ಬಟ್ಟೆಯೂ ಸಿಗುತ್ತಿತ್ತು. ಅವುಗಳ ಖರ್ಚಿಗೆ ಶಾಶ್ವತ ಉತ್ಪನ್ನ ಬಿಟ್ಟುಕೊಟ್ಟ. ಕುರುಡರಿಗೆ ಮಾಸಾಶನ ಗೊತ್ತುಮಾಡಿದ. ಆರುನೂರು ವರ್ಷಗಳ ಹಿಂದೆ, ನಮ್ಮ ನೆರೆಯ ಜಿಲ್ಲೆಯಲ್ಲಿ! ಗುಂಬಜಗಳ ಎತ್ತರ ಅಳೆದು ಹೆಮ್ಮೆಪಡುವ ನಾವು ಈ ಯತೀಮಖಾನೆಗಳ ಬಗ್ಗೆ ಎಷ್ಟು ಮಾತಾಡುತ್ತೇವೆ?

ಆ ಸುಲ್ತಾನ ತೀರಿಕೊಂಡ ವರ್ಷವೇ ಗದ್ದಲವೆದ್ದು, ಇಬ್ಬರು ಅರಸರು ಏರಿಳಿದು, ಫಿರೋಜ್ ಶಾಹ ಪಟ್ಟಕ್ಕೆ ಬಂದ. ಖ್ವಾಜಾ ಅವರು ದೌಲತಾಬಾದಿಗೆ ಬಂದ ಸುದ್ದಿ ತಿಳಿದು ಆತ ಗೌರವದಿಂದ ಕಲಬುರಗಿಗೆ ಆಹ್ವಾನಿಸಿದ. ಖ್ವಾಜಾ ಅವರು ಮೊದಲು ಕೋಟೆಯ ಹತ್ತಿರ ನೆಲೆಸಿದರು. ಅಲ್ಲಿ ಕುರಾನ್, ಹದೀಸ್, ಸೂಫಿ ಗ್ರಂಥಗಳ ಪಾಠ ನಡೆಯುತ್ತಿತ್ತು. ಖಾನ್ಖಾದಲ್ಲಿ ಇರುವವರು, ದಾರಿಹೋಕರು ಹೇಗೆ ನಡೆದುಕೊಳ್ಳಬೇಕೆಂದು ತಿಳಿಸುವ ಅವಾರಿಫುಲ್ ಮಆರಿಫ್ ಗ್ರಂಥಕ್ಕೆ ಅವರು ವ್ಯಾಖ್ಯಾನವನ್ನೂ ಬರೆದಿದ್ದಾರೆ. ಪಾರ್ಸಿ ಬಾರದ ಜನಸಾಮಾನ್ಯರಿಗೆ ಇಲ್ಲಿಯ ಆಡುಮಾತಿನಲ್ಲೇ ತಿಳಿಸಿ ಹೇಳುತ್ತಿದ್ದರು.

ಫಿರೋಜ್ ಶಾಹ ಖಗೋಳ, ಗಣಿತ, ತರ್ಕ ಬಲ್ಲ ಪಂಡಿತ. ದೌಲತಾಬಾದಿನ ಹತ್ತಿರ ವೀಕ್ಷಣಾಲಯ ಕಟ್ಟಿಸಲು ಹೊರಟವನು. ಆತನಿಗೆ ಸೂಫಿಗಳ ದಾರಿ ಅಷ್ಟಾಗಿ ಹಿಡಿಸಲಿಲ್ಲ. ತಮ್ಮ ಅಹಮದ್ ಖಾನ್ ಮಾತ್ರ ಖ್ವಾಜಾ ಅವರ ಪರಮಭಕ್ತ. ಸುಲ್ತಾನ ತನ್ನ ಮಗ ಹಸನ್ ಖಾನನನ್ನು ಉತ್ತರಾಧಿಕಾರಿಯೆಂದು ಆಶೀರ್ವದಿಸಲು ಕೇಳಿದಾಗ ಖ್ವಾಜಾ ಅವರು ಒಪ್ಪಲಿಲ್ಲ. ಕೆಲವು ದಿನಗಳಲ್ಲಿ ಅರಮನೆಯಿಂದ ಹೇಳಿಕೆ ಬಂತು. ಖಾನ್ಖಾಕ್ಕೆ ಬರುವ ಜನರ ಗದ್ದಲ ಕೋಟೆಗೆ ಬಹಳ ಹತ್ತಿರವಾಯಿತು, ಬೇರೆ ಕಡೆ ಹೋಗಬೇಕು ಎಂಬುದು ಅದರ ತಾತ್ಪರ್ಯ. ವೃದ್ಧ ಸಂತರು ವಾದ ಮಾಡದೆ ನಾಲ್ಕನೇ ಬಾರಿ ಮನೆ ಬಿಟ್ಟರು. ಊರ ಹೊರಗೆ ಈಗ ದರ್ಗಾ ಇರುವ ಜಾಗಕ್ಕೆ ಬಂದರು.

ಬಡವರಿಗೆ ನೆರಳು ಕೊಡುವ ಜಾಗ ದೊಡ್ಡವರ ಬಾಗಿಲಿಗೆ ಹತ್ತಿರವಿದ್ದರೆ ಗದ್ದಲ ಅನ್ನಿಸುವುದು ಅಂದಿಗೂ ಇಂದಿಗೂ ಒಂದೇ. 2010ರಲ್ಲಿ ಸರ್ವೋಚ್ಚ ನ್ಯಾಯಾಲಯವು ಪಟ್ಟಣಗಳಲ್ಲಿ ಪ್ರತಿ ಒಂದು ಲಕ್ಷ ಜನಸಂಖ್ಯೆಗೆ ನೂರು ಜನ ತಂಗುವ ಒಂದು ರಾತ್ರಿ ವಸತಿಗೃಹ ಬೇಕೆಂದು ಆದೇಶಿಸಿತು. ಲೆಕ್ಕ ಒಳ್ಳೆಯದೇ. ಆದರೆ 2011ರ ಜನಗಣತಿಯಲ್ಲಿ ನಮ್ಮ ನಾಲ್ಕೂ ಪಟ್ಟಣಗಳಲ್ಲಿ ಒಂದೂ ಅರ್ಧ ಲಕ್ಷ ಮುಟ್ಟಿರಲಿಲ್ಲ. ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಮಕ್ಕಳನ್ನು ಮಗ್ಗುಲಲ್ಲಿ ಮಲಗಿಸಿಕೊಂಡ ತಾಯಿ ಯಾವ ಲಕ್ಷದ ಲೆಕ್ಕಕ್ಕೆ ಸೇರಬೇಕು? 2020ರ ಅಕ್ಟೋಬರಿನಲ್ಲಿ ಭೀಮಾ ನದಿ ಉಕ್ಕಿ ಇಂಡಿ, ಸಿಂದಗಿ ಭಾಗದ ಹಳ್ಳಿಗಳಿಗೆ ನುಗ್ಗಿದಾಗ ಶಾಲೆಗಳೇ ಕಾಳಜಿ ಕೇಂದ್ರಗಳಾದವು. ನೀರು ಇಳಿದ ಮೇಲೆ ಕೇಂದ್ರ ಮುಚ್ಚುತ್ತದೆ, ಬಿದ್ದ ಗೋಡೆ ಏಳಲು ಮಾತ್ರ ವರ್ಷಗಳು ಬೇಕು.

ಕಲಬುರಗಿಯಲ್ಲಿ ಖ್ವಾಜಾ ಅವರಿಗೆ ದುಃಖ ತಪ್ಪಲಿಲ್ಲ. ಪ್ರಯಾಣದಲ್ಲಿ ಜೊತೆಯಾಗಿದ್ದು ಮಾತುಗಳನ್ನು ಬರೆದಿಟ್ಟ ಮಗ ಅಕ್ಬರ್ ಹುಸೈನಿ 1409ರಲ್ಲಿ ತಂದೆಗಿಂತ ಮುಂಚೆ ತೀರಿಹೋದರು. ಎಂಬತ್ತೆಂಟರ ತಂದೆ ಪಾಠ ಮುಂದುವರಿಸಿದರು.

1422ರಲ್ಲಿ ಅಹಮದ್ ಶಾಹ ಪಟ್ಟಕ್ಕೆ ಬಂದ. ಆತ ಖಾನ್ಖಾಕ್ಕೆ ಹಳ್ಳಿಗಳನ್ನು ಇನಾಮು ಬಿಟ್ಟ. ಹಿಂದಿನ ಚಿಶ್ತಿ ಹಿರಿಯರು ಅರಸರ ಭೂಮಿಯನ್ನು ಸ್ವೀಕರಿಸುತ್ತಿರಲಿಲ್ಲ, ಇದು ಪರಂಪರೆಯಿಂದ ದೂರ ಸರಿದಂತೆ ಎಂದು ಕೆಲವು ವಿದ್ವಾಂಸರು ಆಕ್ಷೇಪಿಸುತ್ತಾರೆ. ಆಕ್ಷೇಪದಲ್ಲಿ ಹುರುಳಿದೆ. ಅರಸರ ಅನ್ನಕ್ಕೆ ಅರಸರ ಹಂಗೂ ಅಂಟಿಕೊಂಡಿರುತ್ತದೆ. ಆದರೆ ಕಾಣಿಕೆಯನ್ನೇ ನಂಬಿದ ಅಡಿಗೆಮನೆಗೆ ಬರಗಾಲದಲ್ಲಿ ಏನಾಗುತ್ತದೆ ಎಂದು ಕೇಳಬೇಕು. ಹಸಿದವರು ಹೆಚ್ಚುವ ವರ್ಷವೇ ಕೊಡುವವರ ಕೈಯೂ ಬರಿದಾಗಿರುತ್ತದೆ. ಎರಡನೇ ಮುಹಮ್ಮದ್ ಶಾಹ ಯತೀಮಖಾನೆಗಳಿಗೆ ಶಾಶ್ವತ ಉತ್ಪನ್ನ ಬಿಟ್ಟದ್ದೂ ಇದೇ ಕಾರಣಕ್ಕೆ ಇರಬೇಕು. ಸಂಸ್ಥೆ ನಡೆಸುವವರಿಗೆ ಈ ಕಷ್ಟ ಚೆನ್ನಾಗಿ ಗೊತ್ತು.

ಅದೇ 1422ರ ನವೆಂಬರ್ 1ರಂದು ಖ್ವಾಜಾ ಅವರು ನೂರೊಂದು ವರ್ಷ ತುಂಬಿದ ವಯಸ್ಸಿನಲ್ಲಿ ಇಹಲೋಕ ತ್ಯಜಿಸಿದರು. ಹಿಜರಿ ಲೆಕ್ಕದಲ್ಲಿ 825ರ ಜಿಲ್ಕಾದ್ 16. ಎರಡನೇ ಮಗ ಅಸ್ಗರ್ ಹುಸೈನಿ ಗದ್ದಿಗೆಗೆ ಬಂದರು. ದೆಹಲಿಯಿಂದಲೇ ಅವರ ಜೊತೆ ಬಂದಿದ್ದ ಶಿಷ್ಯ ಮುಹಮ್ಮದ್ ಅಲಿ ಸಾಮಾನಿ 1427ರಲ್ಲಿ ಅವರ ಜೀವನಚರಿತ್ರೆ ಬರೆದು ಮುಗಿಸಿದರು. ಆ ಪ್ರಯಾಣದ ವಿವರಗಳು ನಮಗೆ ದೊರೆತಿರುವುದು ಅದರಿಂದ. ಖ್ವಾಜಾ ಅವರ ಹೆಸರಿನ ಶಿಕ್ಷಣ ಸಂಸ್ಥೆ 1958ರಲ್ಲಿ ಕಲಬುರಗಿಯಲ್ಲಿ ಆರಂಭವಾಯಿತು. ಅದೀಗ ವಿಶ್ವವಿದ್ಯಾಲಯದವರೆಗೆ ಬೆಳೆದಿದೆ. ಹೆಣ್ಣುಮಕ್ಕಳ ಕಾಲೇಜಿಗೆ ಬೀಬಿ ರಜಾ ಅವರ ಹೆಸರಿದೆ. ದೌಲತಾಬಾದಿನಿಂದ ಮಕ್ಕಳ ಕೈಹಿಡಿದು ಹೊರಟ ಆ ತಾಯಿಯ ನೆನಪಿಗೂ ಎಲ್ಲಾದರೂ ಒಂದು ಹಾಸ್ಟೆಲ್ ಆಗಲಿ ಎಂಬುದು ನನ್ನ ಆಸೆ.

ಖ್ವಾಜಾ ಅವರು ತೀರಿಕೊಂಡ ಕೆಲವೇ ವರ್ಷಗಳಲ್ಲಿ ಅಹಮದ್ ಶಾಹ ರಾಜಧಾನಿಯನ್ನು ಬೀದರಿಗೆ ಒಯ್ದ. ಆಸ್ಥಾನ, ಅಧಿಕಾರಿಗಳು, ಸೈನ್ಯ ಎಲ್ಲ ಕಲಬುರಗಿ ಬಿಟ್ಟು ಹೋದವು. ಊರ ಹೊರಗಿನ ಆ ಖಾನ್ಖಾ ಮಾತ್ರ ಹೋಗಲಿಲ್ಲ. ಅದರ ಸುತ್ತ ಬಡಾವಣೆಗಳು ಬೆಳೆದು ಹೊರಗಿನ ಜಾಗ ಊರೊಳಗೆ ಸೇರಿಕೊಂಡಿತು. ಪ್ರತಿ ವರ್ಷ ಜಿಲ್ಕಾದ್ 15ರಿಂದ ಮೂರು ದಿನ ಉರುಸು ನಡೆಯುತ್ತದೆ. ಇಂಡಿ, ಸಿಂದಗಿ ಕಡೆಯಿಂದ ಹೋದವರು ಲಾಡ್ಜು ಹುಡುಕುವುದಿಲ್ಲ. ಅಂಗಳದಲ್ಲಿ ಕೌದಿ ಹಾಸಿ, ಬುತ್ತಿಯ ಗಂಟನ್ನು ತಲೆದಿಂಬು ಮಾಡಿಕೊಂಡು, ಮಕ್ಕಳನ್ನು ನಡುವೆ ಮಲಗಿಸಿಕೊಂಡು ರಾತ್ರಿ ಕಳೆಯುತ್ತಾರೆ.